ನೀಲಿ ಹಾಕಿದ ಯೂನಿಫಾರ್ಮ್

ಜೂನ್ 3, ಸೋಮವಾರ

ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ, ಆಗಲೇ ಒಬ್ಬ ಹೆಂಗಸು ನಾಲ್ಕು ಜನರ ಮುಂದೆ ನನ್ನ ಮಾನ ತೆಗೆದಿದ್ದಾರೆ. ಅತ್ತೆಯಲ್ಲ. ಅತ್ತೆ ಪಾಪ, ನನ್ನನ್ನು ಕಂಡರೆ ಜೀವ ಬಿಡುತ್ತಾರೆ. ಇದು ಇವತ್ತಿನಿಂದ ನಾನು ಹೋಗಬೇಕಾದ ಹೃದಯದ ವಾರ್ಡಿನ ಸಿಸ್ಟರ್ ಮಾಡಿದ ಕೆಲಸ.

ಎಷ್ಟು ಖುಷಿಯಿಂದ ಹೊರಟಿದ್ದೆ. ರಜೆ ಮುಗಿದು ನರ್ಸಿಂಗ್ ಕಾಲೇಜಿಗೆ ಮೊದಲ ದಿನ. ಇವರು ನನಗಿಂತ ಮೊದಲೇ ಎದ್ದು ನನ್ನ ಬಿಳಿ ಯೂನಿಫಾರ್ಮಿಗೆ ಇಸ್ತ್ರಿ ಮಾಡಿ ಇಟ್ಟಿದ್ದರು. ಲಿಫ್ಟ್ ರಿಪೇರಿ ಮಾಡುವ ಕೈ, ಗೆರೆ ಎಂದರೆ ಗೆರೆ. ಬಸ್ ಸ್ಟಾಪಿನವರೆಗೆ ಬಂದು, ನಾನು ಕೂತ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಕೈ ಬೀಸುತ್ತ ನಿಂತಿದ್ದರು. ಪಕ್ಕದಲ್ಲಿ ಕೂತಿದ್ದಾಕೆ ನಕ್ಕರು. ನಗಲಿ. ಇಂಥ ಗಂಡನಿದ್ದರೆ ಯಾರಾದರೂ ನಗುತ್ತಾರೆ.

ವಾರ್ಡಿನಲ್ಲಿ ಸಿಸ್ಟರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಡಿಗಾಕ್ಸಿನ್ ಏನು ಮಾಡುತ್ತೆ, ಹೇಳು” ಎಂದರು. ಇದೆಲ್ಲ ನನಗೆ ನೀರು ಕುಡಿದಷ್ಟು ಸುಲಭ. ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಒಪ್ಪಿಸಿದೆ.

“ಭೇಷ್. ಈಗ ಅದನ್ನೇ ಕಿಟಕಿ ಪಕ್ಕದ ಆ ಅಮ್ಮನಿಗೆ ಹೇಳು. ಆ ಮಾತ್ರೆ ನುಂಗೋರು ಅವರು.”

ಕಿಟಕಿ ಪಕ್ಕದ ಅಮ್ಮ ನಿವೃತ್ತ ಹೆಡ್‌ಮಿಸ್. ಇಡೀ ವಾರ್ಡ್ ಅವರನ್ನು ಟೀಚರಮ್ಮ ಎನ್ನುತ್ತದೆ. ಕಾಲು ಊದಿ, ಉಸಿರು ಸಿಗದೆ ಹೋದ ವಾರ ಬಂದವರು. ಈ ಸಲ ಔಷಧಿ ಹಿಡಿಯದಿದ್ದರೆ ಮನೆಗೆ ಕರೆದುಕೊಂಡು ಹೋಗುವ ಆಸೆ ಇಟ್ಟುಕೊಳ್ಳಬೇಡಿ ಎಂದು ದೊಡ್ಡ ಡಾಕ್ಟರು ಅವರ ಮಗಳಿಗೆ ಹೇಳಿದ್ದಾರಂತೆ.

“ಹೇಳಮ್ಮ,” ಎಂದರು ಟೀಚರಮ್ಮ, ದಿಂಬಿಗೆ ಒರಗಿಕೊಂಡು.

“ಈ ಮಾತ್ರೆ ಕಾಂಟ್ರ್ಯಾಕ್ಟಿಲಿಟಿ ಜಾಸ್ತಿ ಮಾಡುತ್ತೆ.”

“ಯಾರದ್ದು?”

“ನಿಮ್ಮದು.”

“ನಂಗೆ ಅದು ಇತ್ತು ಅನ್ನೋದೇ ಗೊತ್ತಿರ್ಲಿಲ್ಲ ನೋಡು.”

ಇಡೀ ವಾರ್ಡ್ ನಕ್ಕಿತು. ಉಸಿರಾಡಲು ಕಷ್ಟಪಡುವವರೂ ನಕ್ಕರು. ಸಿಸ್ಟರ್ ಮಾತ್ರ ನಗಲಿಲ್ಲ. “ಮನೆಮಾತಲ್ಲಿ ಹೇಳೋಕೆ ಬರ್ಲಿಲ್ಲ ಅಂದ್ರೆ ನಿಂಗೆ ಗೊತ್ತಿಲ್ಲ ಅಂತ ಅರ್ಥ. ಮನೇಲಿ ಬರೆದು ರೂಢಿ ಮಾಡ್ಕೊ. ಇನ್ಮೇಲೆ ಇವರು ನಿನ್ನ ಪಾಲು. ಮಾತ್ರೆಗೆ ಮುಂಚೆ ಎದೆ ಮೇಲೆ ಸ್ಟೆತಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸ್ಬೇಕು. ಅರವತ್ತಕ್ಕಿಂತ ಕಡಿಮೆ ಬಂದ್ರೆ ಕೊಡ್ಬೇಡ, ನನ್ನ ಕರಿ.”

ನನಗೆ ಗೊತ್ತಿಲ್ಲವಂತೆ. ಕ್ಲಾಸಿಗೆ ಎರಡನೆಯವಳು ನಾನು. ಅದಕ್ಕೇ ಇವತ್ತಿನಿಂದ ಡೈರಿ ನಮ್ಮ ಭಾಷೆಯಲ್ಲಿ. ಛಲಕ್ಕೆ.

ಜೂನ್ 4, ಮಂಗಳವಾರ

ಡಿಗಾಕ್ಸಿನ್: ಸೋತ ಹೃದಯದ ಪ್ರತಿ ಬಡಿತಕ್ಕೂ ಬಲ ಕೊಡುತ್ತದೆ, ಬಡಿತ ಬಡಿತದ ನಡುವೆ ಬಿಡುವು ಕೊಡುತ್ತದೆ. ನೋಡಿ, ಬಂತಲ್ಲ.

ಮೆಟೊಪ್ರೊಲಾಲ್: ಹೆದರಿಕೆ, ಗಾಬರಿ, ಓಟ, ಎಲ್ಲಕ್ಕೂ ಹೃದಯಕ್ಕೆ ‘ಬೇಗ ಬೇಗ’ ಎಂದು ಸುದ್ದಿ ಹೋಗುತ್ತದೆ. ಈ ಮಾತ್ರೆ ಆ ಸುದ್ದಿ ಬರುವ ಬಾಗಿಲಿಗೆ ಅಡ್ಡ ಕೂರುತ್ತದೆ. ಇವರು ಕೇಳಿ, “ಬ್ರೇಕು ಅನ್ನು” ಎಂದರು. ಇವರಿಗೆ ಎಲ್ಲವೂ ಲಿಫ್ಟು. ನಾಲಿಗೆ ಅಡಿಯ ನೈಟ್ರೇಟ್ ಮಾತ್ರೆ ರಕ್ತನಾಳ ಅಗಲ ಮಾಡುತ್ತದೆ ಎಂದರೆ “ಬಾಗಿಲು ಪೂರ್ತಿ ತೆಗೆಯೋದು” ಎನ್ನುತ್ತಾರೆ. ಹಾಗಲ್ಲ ಎಂದರೆ ಕೆನ್ನೆ ಹಿಂಡುತ್ತಾರೆ. ಇಂಥವರ ಜೊತೆ ಓದುವುದು ಹೇಗೆ?

ನೀರಿನ ಮಾತ್ರೆ: ಮೂತ್ರಪಿಂಡ ಉಪ್ಪನ್ನು ಹೊರಗೆ ಹಾಕುವ ಹಾಗೆ ಮಾಡುತ್ತದೆ. ಉಪ್ಪು ಹೋದ ಕಡೆ ನೀರು ಹೋಗುತ್ತದೆ, ಇವರು ಹೋದ ಕಡೆ ನಾನು ಹೋದ ಹಾಗೆ. ಜೊತೆಗೆ ಪೊಟ್ಯಾಷಿಯಂ ಕೂಡ ಹೊರಟುಹೋಗುತ್ತದೆ, ಅದು ಹೃದಯಕ್ಕೆ ಬೇಕಾದದ್ದು. ಇವತ್ತು ಚಿಕ್ಕ ಡಾಕ್ಟರ್ ಟೀಚರಮ್ಮನಿಗೆ ಈ ಮಾತ್ರೆ ಎರಡರಷ್ಟು ಮಾಡಿದರು. ಕಾಲಿನ ಊತ ಇಳಿಯಬೇಕಲ್ಲ.

ಆ ಪೂರ್ತಿ ಒಂದು ನಿಮಿಷದ ಕಾಟ ಹೇಳತೀರದು. ಟೀಚರಮ್ಮನ ಹೃದಯ ಓಡುತ್ತದೆ, ಎಡವುತ್ತದೆ, ಸುಮ್ಮನಾಗುತ್ತದೆ, ಮತ್ತೆ ಓಡುತ್ತದೆ. ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ. ನನ್ನ ಗೆಳತಿ ಗುಬ್ಬಿ ಜಾಣೆ, ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ ಮುಗಿಸುತ್ತಾಳೆ. ಸಿಸ್ಟರಿಗೆ ನಾವಿಬ್ಬರೂ ‘ಗಡಿಯಾರ’ ಎಂದು ಹೆಸರಿಟ್ಟಿದ್ದೇವೆ. ಅವರ ಕೈಯಲ್ಲಿ ಸಿಕ್ಕಿಬಿದ್ದಿರುವುದು ಮಾತ್ರ ನಾನು.

ಜೂನ್ 6, ಗುರುವಾರ

ಸಿಟ್ಟಿಗೆ ಪೆನ್ನಿನ ಮೊನೆ ಕಾಗದ ಹರಿಯುತ್ತಿದೆ.

ಬೆಳಿಗ್ಗೆ ಎದೆಬಡಿತ ಎಣಿಸಲು ಬಗ್ಗಿದೆ. ಟೀಚರಮ್ಮ ನನ್ನ ತೋಳನ್ನು ಎರಡು ಬೆರಳಲ್ಲಿ ಹಿಡಿದು, ಮಕ್ಕಳ ಹೋಂವರ್ಕ್ ಪುಸ್ತಕ ಎತ್ತಿ ನೋಡುವ ಹಾಗೆ ನೋಡಿದರು.

“ಇದನ್ನ ಒಗೆದು ಎಷ್ಟು ದಿನ ಆಯ್ತಮ್ಮ?”

“ನಿನ್ನೆ ತಾನೇ ಒಗೆದಿದ್ದು.”

“ಹಳದಿ ಹತ್ತಿದೆ. ಸೋಮವಾರ ಬೆಳ್ಳಗಿತ್ತು. ಹೊಸದಾಗಿ ಮದುವೆ ಆಗಿದೆ ಅಂದ್ರು, ಮೈಮೇಲೆ ಗಮನ ಇರಲ್ಲ ಬಿಡು.”

ನನಗಾ ಮೈಮೇಲೆ ಗಮನ ಇಲ್ಲದ್ದು? ಪಕ್ಕದ ಹಾಸಿಗೆಯ ಅಜ್ಜಿ ಕತ್ತು ಉದ್ದ ಮಾಡಿ ನನ್ನ ಕಾಲರ್ ನೋಡಿದರು. ಎಣಿಸಿದೆ, ಮಾತ್ರೆ ಕೊಟ್ಟೆ, ಮುಖ ತಿರುಗಿಸಿಕೊಂಡು ಬಂದೆ. ಮಧ್ಯಾಹ್ನ ಅವರು ಊಟದ ತಟ್ಟೆಯನ್ನೂ ತಳ್ಳಿದರು. ವಾಸನೆಗೇ ಹೊಟ್ಟೆ ತೊಳಸುತ್ತದಂತೆ. ಒಟ್ಟಿನಲ್ಲಿ ಇವತ್ತು ಯಾರನ್ನೂ ಬಿಡಲಿಲ್ಲ, ನನ್ನ ಬಟ್ಟೆಯನ್ನೂ ಬಿಡಲಿಲ್ಲ, ಅಡುಗೆಯವರನ್ನೂ ಬಿಡಲಿಲ್ಲ. ಚಾರ್ಟಿನಲ್ಲಿ ‘ಊಟ ಬೇಡವೆಂದರು’ ಎಂದು ಬರೆದೆ.

ಸಂಜೆ ಹೇಳಿದಾಗ ಅತ್ತೆ ಕೈಯಲ್ಲಿದ್ದ ಪಾತ್ರೆಯನ್ನು ಕುಕ್ಕಿದರು. “ನನ್ನ ಮನೇಲಿ ಒಗೆದ ಬಟ್ಟೆ ಹಳದಿನಾ? ಯಾವಳು ಅವಳು? ತಾ ಇಲ್ಲಿ.” ಇನ್ನೊಮ್ಮೆ ಒಗೆದು, ಬೆಳ್ಳಗಾಗಲೆಂದು ಬಕೆಟ್ಟಿಗೆ ನೀಲಿ ಬಿಟ್ಟು, ಹಿಂಡದೆ ಹಾಗೇ ಹರವಿದರು. ನನ್ನ ಪರವಾಗಿ ಒಬ್ಬರು ಹೀಗೆ ಹೊಡೆದಾಡಲು ನಿಂತಿದ್ದು ಕಂಡು ನನಗೆ ಅಳುವೇ ಬಂತು. ಇವರು ಹಗ್ಗದ ಕೆಳಗೆ ನಿಂತು, “ಬಿಳಿಯಾಗೇ ಇದೆಯಲ್ಲ” ಎಂದರು. ಇವರನ್ನು ಯಾರು ಕೇಳಿದ್ದು?

ಜೂನ್ 7, ಶುಕ್ರವಾರ

ಇವತ್ತೂ ಹಳದಿಯಂತೆ. “ನಿನ್ನೆಗಿಂತ ಜಾಸ್ತಿ ಆಗಿದೆ,” ಎಂದರು. ಅತ್ತೆಗೆ ಹೇಳಿದೆ. ಅತ್ತೆ ನೀಲಿ ಡಬ್ಬಿಯ ಮುಚ್ಚಳವನ್ನೇ ತೆಗೆದು ಪಕ್ಕಕ್ಕಿಟ್ಟರು.

ಒಂದೇ ಸಂತೋಷ. ಟೀಚರಮ್ಮನ ಎದೆಬಡಿತ ಈಗ ಎಡವುತ್ತಿಲ್ಲ. ಒಂದೇ ಸಮ, ಟಕ್ ಟಕ್ ಟಕ್. ಎಣಿಸಲು ಎಷ್ಟು ಹಾಯಾಗಿದೆ ಎಂದರೆ ಒಂದು ನಿಮಿಷ ಹೋದದ್ದೇ ತಿಳಿಯುವುದಿಲ್ಲ. ಔಷಧಿ ಹಿಡಿದಿದೆ. ನನ್ನ ಕೈಗುಣ ಎಂದು ಗುಬ್ಬಿಗೆ ಹೇಳಿದೆ. ಊಟ ಇವತ್ತೂ ಬೇಡ ಎಂದರು. ಬಾಯಿ ಮಾತ್ರ ಚೆನ್ನಾಗಿಯೇ ನಡೆಯುತ್ತಿದೆ.

ಜೂನ್ 9, ಭಾನುವಾರ

ನಿನ್ನೆ, ಇವತ್ತು ರಜೆ. ಇಡೀ ದಿನ ಇವರ ಜೊತೆ. ಬರೆಯಲು ಪುರುಸೊತ್ತಿಲ್ಲ.

ಜೂನ್ 10, ಸೋಮವಾರ

ಎಲ್ಲಿಂದ ಶುರು ಮಾಡಲಿ?

ಯೂನಿಫಾರ್ಮಿನಿಂದಲೇ ಮಾಡುತ್ತೇನೆ. ನೀಲಿ ಹಾಕುವಾಗ ಅತ್ತೆಯ ಕೈ ಸ್ವಲ್ಪ ಹೆಚ್ಚೇ ಜಾರಿತ್ತು. ಬೆಳಿಗ್ಗೆ ಹಗ್ಗದಿಂದ ತೆಗೆದಾಗ ಅದು ಬಿಳಿಯಾಗಿರಲಿಲ್ಲ, ಅಪ್ಪಟ ನೀಲಿ. ಇನ್ನೊಂದು ಜೊತೆ ಒಣಗಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಎರಡು ಸಲ ನೋಡಿದ. ಗೇಟಿನ ಕಾವಲುಗಾರ, “ಕಾಲೇಜು ಬದಲಾಯಿಸಿದ್ರಾ ಮೇಡಂ?” ಎಂದ. ಗುಬ್ಬಿ ಔಷಧಿ ಗಾಡಿ ಹಿಡಿದು ನಗುತ್ತಾ ಅಲ್ಲೇ ಕೂತುಬಿಟ್ಟಳು. ನಾನು ತಲೆ ಎತ್ತಿ ನಡೆದೆ. ಇವತ್ತು ಯಾರು ಏನೇ ಅಂದರೂ ಹಳದಿ ಎನ್ನಲು ಸಾಧ್ಯವಿಲ್ಲವಲ್ಲ, ಅಷ್ಟು ಸಾಕು.

ಟೀಚರಮ್ಮ ಕಣ್ಣು ಕಿರಿದು ಮಾಡಿ ನೋಡಿದರು. ಮುಖ ಬಾಡಿತ್ತು, ತುಟಿ ಒಣಗಿತ್ತು. “ಇವತ್ತು ಹಸಿರು,” ಎಂದರು. “ಪಾಚಿ ಕಟ್ಟಿದ ಹಾಗಿದೆ. ಏನಮ್ಮ ಮಾಡ್ತೀರಿ ನೀವು ಮನೇಲಿ?”

ಬಾಯಿ ತೆರೆದೆ. ಅವರಿಗೆ ಹೇಳಲು ಶನಿವಾರದಿಂದ ಜೋಡಿಸಿಟ್ಟುಕೊಂಡ ಒಂದು ಉತ್ತರ ನನ್ನಲ್ಲಿತ್ತು, ಗೌರವ ಬಿಡದೆಯೇ ಚುಚ್ಚುವಂಥದ್ದು. ಅದು ಬರಲಿಲ್ಲ. ಕಂಡಕ್ಟರಿಗೆ ನೀಲಿ, ಕಾವಲುಗಾರನಿಗೆ ನೀಲಿ, ಗುಬ್ಬಿಗೆ ನೀಲಿ. ಇವರೊಬ್ಬರಿಗೆ ಹಸಿರು. ನೀಲಿಯ ಮೇಲೆ ಹಳದಿ ಗಾಜು ಇಟ್ಟರೆ ಹಸಿರು ಕಾಣುತ್ತದೆ.

ದಿಂಬಿನ ಬಿಳಿ ಕವರನ್ನು ಎಳೆದು ತೋರಿಸಿದೆ. “ಇದು ಯಾವ ಬಣ್ಣ ಅಮ್ಮ?”

“ಹಳದಿ.”

“ಗೋಡೆ?”

“ಅದೂ ಹಳದಿ. ಎಲ್ಲಾ ಹಳದಿನೇ. ಚಿಕ್ಕ ಡಾಕ್ಟರ ಮುಖವೂ ಹಳದಿ, ಪಾಪ ಯಾರಿಗೆ ಹೇಳ್ತೀಯ.”

“ಮೊದಲೇ ಯಾಕೆ ಹೇಳ್ಲಿಲ್ಲ?”

“ಹೇಳಿದೆನಲ್ಲ. ನಿನ್ನ ಬಟ್ಟೆಯಿಂದ ಶುರು ಮಾಡಿದೆ. ನೀನು ಮೂತಿ ಊದಿಸ್ಕೊಂಡು ಹೋದೆ.”

ಎಣಿಸಿದೆ. ಪೂರ್ತಿ ನಿಮಿಷ. ಅರವತ್ತೆರಡು. ಒಂದೇ ಸಮ. ಮಾತ್ರೆ ನನ್ನ ಅಂಗೈಯಲ್ಲಿತ್ತು. ನಿಯಮದ ಪ್ರಕಾರ ಕೊಡಬಹುದು. ಕೊಡಲು ಕೈ ಏಳಲಿಲ್ಲ.

ಚಿಕ್ಕ ಡಾಕ್ಟರ್ ಅಲ್ಲೇ ಇದ್ದರು. ಹೇಳಿದೆ. ಅವರು ಬರೆಯುತ್ತಿದ್ದ ಹಾಳೆಯಿಂದ ತಲೆಯನ್ನೇ ಎತ್ತಲಿಲ್ಲ. “ಅರವತ್ತೆರಡು ಇದೆಯಲ್ಲ, ಕೊಡಿ. ವಯಸ್ಸಾದ ಕಣ್ಣು, ಪೊರೆ ಇರುತ್ತೆ.”

“ಪೊರೆ ಗುರುವಾರ ಬಂತಾ ಡಾಕ್ಟ್ರೇ? ಸೋಮವಾರ ಬಿಳಿ ಕಾಣ್ತಿತ್ತು ಅವರಿಗೆ.”

“ನಿಮ್ಮದು ಎಷ್ಟನೇ ವರ್ಷ?”

“ಮೂರನೇ ವರ್ಷ. ಊಟ ಬಿಟ್ಟು ಐದು ದಿನ ಆಯ್ತು. ನೀರಿನ ಮಾತ್ರೆ ಎರಡರಷ್ಟು ಮಾಡಿದ್ದೀರಿ. ನಾನು ಇದನ್ನ ಕೊಡಲ್ಲ.”

ಮಾತ್ರೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಆ ನೀಲಿ ಬಟ್ಟೆಯಲ್ಲಿ, ನಿಂತೇ ಇದ್ದೆ. ಡಾಕ್ಟರ್ ಎದ್ದರು. ಅಷ್ಟರಲ್ಲಿ ಸಿಸ್ಟರ್ ಬಂದರು. ಯಾರನ್ನೂ ಏನೂ ಕೇಳದೆ ಟೀಚರಮ್ಮನ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕಣ್ಣು ಮುಚ್ಚಿದರು. ಬಹಳ ಹೊತ್ತು ಕೇಳಿದರು. ಎದ್ದು ನಿಂತು, “ಡಾಕ್ಟ್ರೇ, ಇ.ಸಿ.ಜಿ. ಈಗಲೇ. ರಕ್ತ ನಾನು ತೆಗೀತೀನಿ,” ಎಂದರು. ಜೋರಾಗಿ ಹೇಳಲಿಲ್ಲ. ಡಾಕ್ಟರ್ ಹೋಗಿ ತಾವೇ ಮಷಿನ್ ತಂದರು.

ರಕ್ತದಲ್ಲಿ ಪೊಟ್ಯಾಷಿಯಂ ತಳ ಮುಟ್ಟಿತ್ತು. ಡಿಗಾಕ್ಸಿನ್ ಏರಿ ಕೂತಿತ್ತು. ಪೊಟ್ಯಾಷಿಯಂ ಇಳಿದಾಗ ಆ ಮಾತ್ರೆ ಹೃದಯವನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಬಲ ಕೊಡಲು ಬಂದದ್ದೇ ಕುತ್ತಿಗೆ ಹಿಸುಕುತ್ತದೆ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದಿದ್ದೇನೆ. ಆ ವಿಷವೇ ಅವರ ಕಣ್ಣಿಗೆ ಹಳದಿ ಬಳಿದು, ಊಟ ಬಿಡಿಸಿ, ಬಡಿತವನ್ನು ಸಮ ಮಾಡಿತ್ತು.

ಬಟ್ಟೆ ಜೋಡಿಸುವ ಕೋಣೆಗೆ ಕರೆದು ಸಿಸ್ಟರ್ ಬೈದರು. ಬೈಯಲಿ ಎಂದು ಹೋಗಿರಲಿಲ್ಲ. ನಿಜ ಹೇಳಬೇಕೆಂದರೆ ಶಹಬ್ಬಾಸ್ ಸಿಗುತ್ತದೆ ಎಂದುಕೊಂಡು ಹೋಗಿದ್ದೆ.

“ಬಡಿತ ಯಾವತ್ತಿಂದ ಸಮ ಆಯ್ತು?”

“ಶುಕ್ರವಾರ.”

“ಯಾರಿಗೆ ಹೇಳಿದೆ?”

“ಗುಬ್ಬಿಗೆ.”

“ವರ್ಷಗಟ್ಟಲೆ ಎಡವಿ ನಡೀತಿದ್ದ ಹೃದಯ ಇದ್ದಕ್ಕಿದ್ದ ಹಾಗೆ ಕವಾಯತು ಮಾಡಿದ್ರೆ ಖುಷಿ ಪಡೋದಲ್ಲಮ್ಮ, ಓಡಿ ಬಂದು ಹೇಳೋದು. ಹಳದಿ ಅಂದಾಗ?”

“ನನ್ನ ಬಟ್ಟೆಗೆ ಅಂದ್ರು ಅಂದ್ಕೊಂಡೆ ಸಿಸ್ಟರ್.”

“ಬಟ್ಟೆಗೇ ಅಂದಿದ್ದು. ನೋಡಿದ ಕಣ್ಣು ಯಾರದ್ದು?”

ಇವತ್ತು ಮಾತ್ರೆ ತಡೆದವಳು ನಾನು. ಆ ಡಾಕ್ಟರಿಗೆ ಒಂದು ಮಾತೂ ಇಲ್ಲ, ನನಗೆ ಮಾತ್ರ ಇಷ್ಟುದ್ದ. ಎಲ್ಲಿದೆ ನ್ಯಾಯ? ಆಮೇಲೆ ಗೊತ್ತಾಯಿತು, ಡಾಕ್ಟರನ್ನೂ ಅದೇ ಕೋಣೆಗೆ ಕರೆದಿದ್ದರಂತೆ. ಅವರು ಹೊರಗೆ ಬಂದಾಗ ಕಿವಿ ಕೆಂಪಾಗಿತ್ತು ಎಂದಳು ಗುಬ್ಬಿ. ಸ್ವಲ್ಪ ಸಮಾಧಾನವಾಯಿತು.

ಮಧ್ಯಾಹ್ನ ಮಾನಿಟರಿನಲ್ಲಿ ಗೆರೆ ಒಮ್ಮೆ ಚೆಲ್ಲಾಪಿಲ್ಲಿಯಾಯಿತು. ಟೀಚರಮ್ಮನ ಕಣ್ಣು ಮೇಲಕ್ಕೆ ಹೋಯಿತು. ಎಲ್ಲರೂ ಓಡಿದರು, ನನ್ನನ್ನು ಪಕ್ಕಕ್ಕೆ ತಳ್ಳಿದರು. ಗೆರೆ ತಾನೇ ಮತ್ತೆ ಸಾಲಿಗೆ ಬಂತು. ನನ್ನ ಡ್ಯೂಟಿ ಮುಗಿದಿತ್ತು, ಅಲ್ಲೇ ಕೂತೆ. ಇವರು ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದರಂತೆ. ಫೋನ್ ಮಾಡುವುದು ಮರೆತೇಹೋಗಿತ್ತು.

ಜೂನ್ 11, ಮಂಗಳವಾರ

ಟೀಚರಮ್ಮ ಇದ್ದಾರೆ. ಡಿಗಾಕ್ಸಿನ್ ನಿಲ್ಲಿಸಿದ್ದಾರೆ, ನೀರಿನ ಮಾತ್ರೆಯನ್ನೂ. ಪೊಟ್ಯಾಷಿಯಂ ಡ್ರಿಪ್ಪಿನಲ್ಲಿ ಹೋಗುತ್ತಿದೆ, ಬಹಳ ನಿಧಾನ. ಬೇಗ ಬಿಟ್ಟರೆ ಅದೇ ಹೃದಯವನ್ನು ನಿಲ್ಲಿಸಿಬಿಡುತ್ತದೆ. ಹೊರಟುಹೋದರೂ ಕೊಲ್ಲುತ್ತದೆ, ನುಗ್ಗಿ ಬಂದರೂ ಕೊಲ್ಲುತ್ತದೆ. ಹನಿ ನೋಡುತ್ತ ಕೂತಿದ್ದೆ. ಅವರು ಇವತ್ತು ನನ್ನ ಬಟ್ಟೆಯ ಕಡೆ ನೋಡಲಿಲ್ಲ. ಬೈಯಲೂ ಇಲ್ಲ.

ಜೂನ್ 12, ಬುಧವಾರ

ನನ್ನ ಸಿಟ್ಟೆಲ್ಲ ಪುಸ್ತಕದ ಮೇಲೆ. ಇಟ್ಟಿಗೆಯಷ್ಟು ದಪ್ಪದ ಔಷಧಶಾಸ್ತ್ರ. ಡಿಗಾಕ್ಸಿನ್ ವಿಷವಾದಾಗ ಏನೇನಾಗುತ್ತದೆ ಎಂಬ ಸಾಲಿನ ಕೊನೆಯಲ್ಲಿ ಎರಡೇ ಪದ, ‘ದೃಷ್ಟಿಯಲ್ಲಿ ವ್ಯತ್ಯಾಸ’. ಯಾವ ರೋಗಿ ಬಂದು ‘ಸಿಸ್ಟರ್, ನನಗೆ ದೃಷ್ಟಿಯಲ್ಲಿ ವ್ಯತ್ಯಾಸ’ ಎನ್ನುತ್ತಾರೆ? ‘ನಿಮ್ಮ ಬಟ್ಟೆ ಕೊಳಕಾಗಿದೆ ಎಂದು ರೋಗಿ ಬೈಯಬಹುದು’ ಎಂದು ಬರೆಯಲು ಏನು ಕಷ್ಟವಾಗಿತ್ತು ಈ ಪುಸ್ತಕ ಬರೆದವರಿಗೆ? ‘ಅಡುಗೆ ಸರಿಯಿಲ್ಲ ಎಂದು ತಟ್ಟೆ ತಳ್ಳಬಹುದು’ ಎಂದು? ಊಟ ಸೇರದಿರುವುದಕ್ಕೆ ಪುಸ್ತಕದಲ್ಲಿ ‘ಅನೊರೆಕ್ಸಿಯಾ’ ಅಂತೆ. ಅನೊರೆಕ್ಸಿಯಾ ನನ್ನ ಕಣ್ಣ ಮುಂದೆ ದಿನವೂ ತಟ್ಟೆ ತಳ್ಳಿತು, ನಾನು ಅದನ್ನು ಕೊಬ್ಬು ಎಂದುಕೊಂಡೆ.

ಗುಬ್ಬಿಯೊಂದಿಗೂ ಜಗಳ. ಬಾಗಿಲ ಹತ್ತಿರದ ತಾತನ ಎದೆಬಡಿತವನ್ನು ಅರ್ಧ ನಿಮಿಷ ಎಣಿಸಿ ಗುಣಿಸುತ್ತಿದ್ದಳು. ಕೈಯಿಂದ ಸ್ಟೆತಸ್ಕೋಪ್ ಕಿತ್ತುಕೊಂಡೆ. “ಎಡವೋ ಹೃದಯ ಇನ್ನರ್ಧ ನಿಮಿಷದಲ್ಲಿ ಏನು ಮಾಡುತ್ತೆ ಅಂತ ನಿನಗೆ ಕಾಗದ ಬರೆದಿದೆಯಾ? ಪೂರ್ತಿ ಎಣಿಸೆ.”

“ಅಯ್ಯೋ ಮಹಾತಾಯಿ, ನೀನ್ಯಾವಾಗ ಗಡಿಯಾರ ಆದೆ?” ಎಂದಳು.

ಇದರಲ್ಲಿ ನಗುವಂಥದ್ದು ಏನಿದೆಯೋ ನನಗೆ ತಿಳಿಯಲಿಲ್ಲ. ಸಿಸ್ಟರಿಗೆ ಹಾಗೆಲ್ಲ ಅಡ್ಡಹೆಸರು ಇಡಬಾರದು ಎಂದು ಹೇಳಿದೆ.

ಜೂನ್ 14, ಶುಕ್ರವಾರ

ಬೆಳಿಗ್ಗೆ ಟೀಚರಮ್ಮ ಎರಡು ಚಮಚ ಗಂಜಿ ಕುಡಿದರು. ಮಧ್ಯಾಹ್ನ ಅರ್ಧ ತಟ್ಟೆ. ಅಡುಗೆಮನೆಗೆ ಹೋಗಿ ಅಡುಗೆಯವರಿಗೆ ಹೇಳಿ ಬಂದೆ, ಅವರ ತಪ್ಪಿರಲಿಲ್ಲ ಎಂದು. ಅವರಿಗೆ ಏನೂ ಅರ್ಥವಾಗಲಿಲ್ಲ.

ಎದೆಬಡಿತ ಮತ್ತೆ ಎಡವುತ್ತಿದೆ. ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದೆ. ಓಡುತ್ತದೆ, ಎಡವುತ್ತದೆ, ಸುಮ್ಮನಾಗುತ್ತದೆ, ಓಡುತ್ತದೆ. ಇಷ್ಟು ಚೆಂದದ ಸದ್ದು ನಾನು ಕೇಳಿಲ್ಲ. ಇವರಿಗೆ ಹೇಳಿದೆ. ತಟ್ಟೆಯ ಮೇಲೆ ಬೆರಳಲ್ಲಿ ತಟ್ಟಿ ತೋರಿಸು ಎಂದರು, ತೋರಿಸಿದೆ. “ಇದು ಸರಿಯಾಗಿರೋದಾ?” ಎಂದು ಗಾಬರಿಯಾದರು. ಅವರಿಗೆ ಸರಿಯಾದದ್ದು ಇದೇ ಎಂದೆ. ಲಿಫ್ಟಿಗೆ ಹೋಲಿಸಲು ಈ ಸಲ ಇವರಿಗೆ ಏನೂ ಸಿಗಲಿಲ್ಲ.

ಜೂನ್ 18, ಮಂಗಳವಾರ

ಟೀಚರಮ್ಮ ನಾಳೆ ಮನೆಗೆ. ಮಗಳು ಬಂದು ಕೂತಿದ್ದರು. ಮಾತ್ರೆಗಳನ್ನು ತಿಳಿಸಿ ಹೇಳುವ ಕೆಲಸ ಸಿಸ್ಟರ್ ನನಗೇ ಕೊಟ್ಟರು, ತಾವು ಪಕ್ಕದ ಹಾಸಿಗೆಯ ಹೊದಿಕೆ ಸರಿಮಾಡುವವರ ಹಾಗೆ ನಿಂತು ಕೇಳಿಸಿಕೊಂಡರು.

ಎಲ್ಲ ಹೇಳಿದೆ. ಡಿಗಾಕ್ಸಿನ್ ಇನ್ನು ಮೇಲೆ ಮೊದಲಿನ ಅರ್ಧ. ನೀರಿನ ಮಾತ್ರೆಯ ಜೊತೆಗೆ ಪೊಟ್ಯಾಷಿಯಂ ತಪ್ಪಿಸುವಂತಿಲ್ಲ, ಕರೆದಾಗೆಲ್ಲ ಬಂದು ರಕ್ತ ಕೊಡಬೇಕು. ಊಟ ಸೇರದಿದ್ದರೆ, ಹೊಟ್ಟೆ ತೊಳಸಿದರೆ, ಬಣ್ಣ ಬದಲಾಗಿ ಕಂಡರೆ, ಬಡಿತ ನಿಧಾನವಾದರೆ, ಅಥವಾ ತೀರಾ ಒಪ್ಪವಾಗಿ ನಡೆದರೂ, ಆಸ್ಪತ್ರೆಗೆ ಬನ್ನಿ. ಮಾತ್ರೆ ಮರೆತರೆ ಮರುದಿನ ಎರಡು ನುಂಗಬೇಡಿ. ಮಗಳಿಂದ ಒಪ್ಪಿಸಿಕೊಂಡೆ. ಇನ್ನೊಮ್ಮೆ ಹೇಳಿದೆ. ಆಮೇಲೆ ಕಾಲಿನ ಊತ, ದಿನದಿನದ ತೂಕ, ಉಪ್ಪು, ಎಲ್ಲ.

ಟೀಚರಮ್ಮ ಹಣೆ ಒತ್ತಿಕೊಂಡು, “ಸಾಕು ಮಾರಾಯ್ತಿ. ನೀನು ಬಾಯಿ ತೆರೆದ್ರೆ ನನ್ನ ಕಿವಿ ಗುಂಯ್ ಅನ್ನುತ್ತೆ” ಎಂದರು.

ನನಗೆ ಮೈ ಉರಿಯಿತು. ಉರಿಯುತ್ತಿರುವಾಗಲೇ ಸ್ಟೂಲ್ ಎಳೆದು ಕೂತು ಅವರ ಕೈ ಹಿಡಿದೆ.

“ಯಾವಾಗಿಂದ ಅಮ್ಮ?”

“ಏನು?”

“ಗುಂಯ್ ಅನ್ನೋದು. ಎರಡೂ ಕಿವಿನಾ? ಎದ್ದಾಗ ತಲೆ ಸುತ್ತುತ್ತಾ? ಮಾತು ಸರಿಯಾಗಿ ಕೇಳಿಸುತ್ತಾ?” ನೀರಿನ ಮಾತ್ರೆ ಹೆಚ್ಚಾದರೆ ಕಿವಿಗೂ ಹೊಡೆಯುತ್ತದೆ.

“ಹುಡುಗಿ, ಇದು ಕಾಯಿಲೆ ಅಲ್ಲ. ನೀನು ನಿಜವಾಗ್ಲೂ ಅಷ್ಟು ಮಾತಾಡ್ತೀಯ.”

ಮಗಳು ಕಿಟಕಿಯ ಕಡೆ ತಿರುಗಿ ನಿಂತರು. ಸಿಸ್ಟರ್ ಬಂದು ಟೀಚರಮ್ಮನ ಎರಡೂ ಕಿವಿಯ ಹತ್ತಿರ ಪಿಸುಗುಟ್ಟಿ ನೋಡಿದರು. ಕಿವಿ ಚೆನ್ನಾಗಿದೆ ಎಂದರು. “ಏನೇ ಇರಲಿ, ಬರಿ,” ಎಂದು ಚಾರ್ಟನ್ನು ನನ್ನ ಕಡೆ ತಳ್ಳಿದರು. “ಅವರು ಹೇಳಿದ ಮಾತಲ್ಲೇ ಬರಿ. ನಿನ್ನ ಇಂಗ್ಲಿಷ್ ಬೇಡ.”

ಬರೆದೆ. ನನ್ನ ಕೈಯಾರೆ, ದುಂಡಗೆ: ‘ವಿದ್ಯಾರ್ಥಿನಿ ಬಾಯಿ ತೆರೆದರೆ ಕಿವಿ ಗುಂಯ್ ಎನ್ನುತ್ತದೆ ಎಂದು ರೋಗಿ ಹೇಳುತ್ತಾರೆ. ತಲೆಸುತ್ತು ಇಲ್ಲ. ಕಿವಿ ಕೇಳಿಸುತ್ತದೆ.’

ಚಿಕ್ಕ ಡಾಕ್ಟರ್ ಎರಡು ಸಲ ಓದಿ, ಕೆಳಗೆ ‘ಗಮನಿಸಲಾಗಿದೆ’ ಎಂದು ಬರೆದು ಸಹಿ ಹಾಕಿದರು. ಸಹಿ ಹಾಕುವಾಗ ಅಷ್ಟು ನಗುವ ಅಗತ್ಯವಿರಲಿಲ್ಲ.